ಷರಾ

ಹನ್ನೊಂದು ಸಮನ್ಸು ಅದಾವ ಕೈಚೀಲದಾಗ.
ಒಂದಕ್ಕಷ್ಟ ಮನಿ ಐತಿ.

ಬಾಗಲಕೋಟಿ ಕೋರ್ಟಿನ ಬೇಲೀಫ ನಾನು, ದಾವಲಸಾಬ ಜಮಾದಾರ,
ರಿಟೈರ್ ಆಗಾಕ ಇನ್ನ ಏಳು ತಿಂಗಳು.
ಹದ್ದಿನ ಜಗಳ, ವಾಪಸ್ ಬಂದ ಚೆಕ್ಕು, ಸೋಡಚೀಟಿ, ಎಲ್ಲಾ ಮುಟ್ಟಿಸೀನಿ.
ಬಾಗಲಾ ಹಾಕ್ಕೊಂಡವರ ಬಾಗಲಿಗೆ ಅಂಟಿಸೀನಿ,
ನಾಯಿ ಬಿಟ್ಟವರ ನಾಯಿಗೆ ಬಿಸ್ಕೀಟು ಹಾಕೀನಿ.
ಇಂಥಾ ಹೆಸರು ಮಾತ್ರ ಕಂಡಿದ್ದಿಲ್ಲ:

ಪ್ರತಿವಾದಿ ಎರಡು, ಬೆಂಕಿಕಡ್ಡಿ ತೊಂಬತ್ತೊಂಬತ್ತು.
ಪ್ರತಿವಾದಿ ಐದು, ಕರಿಗುಬ್ಬಿ.
ಪ್ರತಿವಾದಿ ಒಂಬತ್ತು, ಬರೇ ಒಂದು ಚುಕ್ಕಿ.
ತಂದಿ ಹೆಸರಿಲ್ಲ, ವಯಸ್ಸಿಲ್ಲ.
ಉದ್ಯೋಗ, ಬೈಯೂದು ಅಂತ ವಕೀಲರು ಬರದಿಲ್ಲ.
ನಾ ಓದಿಕೊಂಡೆ.

ದಾವಾ ಹಾಕಿದಾವ ನಮ್ಮ ಸೆಕ್ಟರಿನವನ, ಅಭಿನಂದನ ಕಟಗೇರಿ.
ಆರು ವರ್ಷ ಕುಂತು ಫೋನಿನಾಗ ಆಡೂ ಆಟ ಮಾಡ್ಯಾನ.
ಹಳೇ ಊರಿಗೆ ನೀರು ಬರತೈತಿ, ನೀವು ಓಡಬೇಕು,
ಕೊಡ, ತೊಟ್ಟಿಲಾ, ಕಂಬ, ಸಿಕ್ಕಷ್ಟು ಎತ್ತಬೇಕು.
ಹುಡುಗ ಹುಟ್ಟಿದ್ದು ನವನಗರದಾಗ.
ಹಳೇ ಊರು ಅವಗ ಅಜ್ಜ ಹೇಳಿದ್ದಷ್ಟ.

ಒಂದನೇ ಪ್ರತಿವಾದಿ ಸಿಕ್ಕಳು, ವಿದ್ಯಾಗಿರಿಯಾಗ,
ಸುಗಂಧಾ ಬನ್ನಿಗಿಡದ. ಆಟ ಆಡಿ ಬರಿಯೂದ ಆಕಿ ಕೆಲಸ.
ಚಾ ಕೊಟ್ಟಳು, ಸಹಿ ಹಾಕಿದಳು.
‘ಕಳ್ಳ ಅಂದಿಲ್ಲ ಕಾಕಾ, ಸಪ್ಪಗ ಐತಿ ಅಂದೀನಿ.
ಸಪ್ಪಗ ಅನ್ನಾಕ ಎಷ್ಟು ಲಕ್ಷ?’
ಇಪ್ಪತ್ತೈದು, ಅಂದೆ. ಕಾಗದದಾಗ ಹಂಗ ಇತ್ತು.
ನಕ್ಕಳು. ಪೆನ್ನಿಗೆ ಟೊಪ್ಪಿಗಿ ಹಾಕಾಕ ಹೋಗಿ ಎರಡು ಸಲ ತಪ್ಪಿದಳು.

ತಾರೀಖಿನ ದಿನ ಜವಾನ ಬಾಗಲದಾಗ ನಿಂತು
ಹೆಸರಿಗೆ ಮೂರು ಸಲ ಕೂಗಿದ. ಏಳನೇದು ಬಂತು:
‘ನಿಮ್ಮಪ್ಪ! ನಿಮ್ಮಪ್ಪ! ನಿಮ್ಮಪ್ಪ!’
ಬೇವಿನ ಗಿಡದ ಕೆಳಗ ಆಸ್ತಿ ಕೇಸಿಗೆ ಬಂದ ಮುದುಕೊಬ್ಬ
ಗಾಬರ್‍ಯಾಗಿ ಎದ್ದು ನಿಂತ.
ಜಡ್ಜರೂ ಕೆಳಗ ನೋಡಿ ನಕ್ಕರು.
ಅಭಿನಂದನ ನಗಲಿಲ್ಲ.
‘ರಾತ್ರಿ ಓದತೀನಿ ಚಾಚಾ, ಒಂದೊಂದ ಬೈಗಳಾ.
ಬಾಯಿಪಾಠ ಆಗ್ಯಾವ’ ಅಂದ.
ನಾನೂರು ಮಂದಿ ಛಲೋ ಐತಿ ಅಂದಾರಂತಲ್ಲ?
‘ಅದು ನೆನಪಿಲ್ಲ.’

ದಾವಾದ ಹಿಂದ ಬೈಗಳದ ಪಟ್ಟಿ, ಇಪ್ಪತ್ತಾರು ಪುಟ.
ಬಸ್ಸಿನಾಗ ಓದಿದೆ. ಬಾಜೂಕಿನವರಿಗೆ ಕಾಣದಂಗ ಮಡಚಿ ಓದಿದೆ.
ಹನ್ನೊಂದನೇದು ಬೈಗಳಾ ಅಲ್ಲ:

‘ತಮ್ಮಾ, ನೀರು ಹಂಗ ಗ್ವಾಡಿ ಎದ್ದಂಗ ಬರೂದಿಲ್ಲ.
ಮೊದಲ ಬಚ್ಚಲದಾಗ ಬರತೈತಿ,
ಹೊರಗ ಹೋಗಬೇಕಾದದ್ದು ಒಳಗ ಬರತೈತಿ.
ಯಾರೂ ಓಡಲಿಲ್ಲ. ಮೂರು ದಿನ ಕುಂತು ಬಾಗಲಾ ಬಿಚ್ಚಿದರು.
ಆಟ ಸುಳ್ಳು.’

ಕೊನೇ ಎರಡು ಶಬ್ದದ ಕೆಳಗ ಕೆಂಪು ಗೆರಿ.

ಬಚ್ಚಲದ ಮಾತು ನಂದು.
ಕಿಲ್ಲಾದಾಗ ನಮ್ಮ ಮನಿಗೆ ಬಂದದ್ದ ಹಂಗ,
ಸಾಬೂನಿನ ತುಣಕು ತೇಲಿಸಿಕೊಂಡು.
ಪರಿಹಾರದ ನೋಟಿಸು ನಾನ ತಂದು ಅಪ್ಪಗ ಕೊಟ್ಟಿದ್ದೆ,
ನೌಕರಿ ಹೊಸಾದು, ಹೆಬ್ಬಟ್ಟು ಒತ್ತಿಸಿಕೊಂಡಿದ್ದೆ.
ಬಿಚ್ಚಿ ತಂದ ಬಾಗಲಾ ಸೆಕ್ಟರಿನ ಮನಿಗೆ ಉದ್ದಾತು,
ಎರಡು ಗೇಣು ಕೊಯ್ದು ಕೂಡಿಸೀವಿ.
ಊಟಕ್ಕ ಕುಂತಾಗ ಹೇಳತಿರತೀನಿ ಇದನ್ನ.
ಕೇಳಾವರು ಇಬ್ಬರ. ಒಬ್ಬಾಕಿ ಮೊಮ್ಮಗಳು, ಶಮೀನಾ.
ತುತ್ತು ಒಂದು ಕೈಯಾಗ, ಫೋನು ಒಂದು ಕೈಯಾಗ.

ಹನ್ನೊಂದನೇ ಪ್ರತಿವಾದಿ ಹೆಸರು: ಎರಡು ಗೇಣು.

ಆಕೀನ ಏನೂ ಕೇಳಿಲ್ಲ.
ಹತ್ತಕ್ಕ ಷರಾ ಬರದೆ, ಅಚ್ಚುಕಟ್ಟಾಗಿ:
‘ಸದರಿ ವ್ಯಕ್ತಿ ಪತ್ತೆಯಾಗಿರುವುದಿಲ್ಲ.’
ಹನ್ನೊಂದನೇದರ ಮ್ಯಾಲ ಪೆನ್ನು ಊರಿದ ಚುಕ್ಕಿ ಐತಿ, ಅಷ್ಟ.

ನಿನ್ನೆ ಸಂಜಿಕ ಅಭಿನಂದನನ ಮನಿತನಕ ಹೋದೆ,
ಹೇಳಾಕೋ, ಬೈಯಾಕೋ, ನನಗ ತಿಳೀಲಿಲ್ಲ.
ಒಳಗ ಕಂಪ್ಯೂಟರಿನಾಗ ನೀರಿನ ಸಪ್ಪಳ.
ಗುಳುಗುಳು ಅಂತು, ನಿಂತಿತು. ಮತ್ತ ಗುಳುಗುಳು.
ಬಚ್ಚಲದಾಗಿಂದ.
ಬಾಗಲದಾಗ ನಿಂತು ಕೇಳಿದೆ ಭಾಳೊತ್ತು.
ಹಂಗಲ್ಲ ತಮ್ಮಾ.
ಇನ್ನೂ ಸಾವಕಾಶ.